ವಾರಿಜಮ್ಮನ ಊರುಗೋಲಿನ ಹಕ್ಕಿ

ಯಾರಾದರೂ ಇಂಥ ಕಥೆ ಹೇಳಲು ಶುರುಮಾಡಿದರೆ ಕಾಫಿ ಮಾಡುವ ನೆಪದಲ್ಲಿ ಮೆಲ್ಲಗೆ ಎದ್ದು ಅಡುಗೆಮನೆ ಸೇರಿಕೊಳ್ಳುತ್ತಿದ್ದವಳು ನಾನು. ದೆವ್ವ, ಶಕುನ, ಸತ್ತವರು ಕನಸಿನಲ್ಲಿ ಬಂದು ಹೇಳಿದ ಮಾತು, ಇವು ಯಾವುದರಲ್ಲೂ ನನಗೆ ನಂಬಿಕೆ ಇರಲಿಲ್ಲ. ಮೈಸೂರಿನಲ್ಲಿ ನಮ್ಮಜ್ಜಿ ಹಲ್ಲಿ ಲೊಚಗುಟ್ಟಿದರೂ ಅದಕ್ಕೊಂದು ಅರ್ಥ ಹುಡುಕುತ್ತಿದ್ದರು. ‘ಪಾಪ, ಅದಕ್ಕೆ ಹಸಿವಾಗಿರಬೇಕು ಅಜ್ಜಿ’ ಎಂದು ನಾನು ನಗುತ್ತಿದ್ದೆ.

ನನ್ನ ಕೆಲಸವೂ ಇಂಥದ್ದಕ್ಕೆಲ್ಲ ಎಡೆ ಕೊಡುವಂಥದ್ದಲ್ಲ. ಮೈಸೂರು ಬಿಟ್ಟು ಬಂದು ನೆಲೆಸಿದ ಈ ಹಿಮದ ದೇಶದಲ್ಲಿ, ಥಾರ್ನ್‌ಹಿಲ್‌ನ ಒಂದು ಡೆಂಟಲ್ ಲ್ಯಾಬಿನಲ್ಲಿ ಕೃತಕ ಹಲ್ಲುಗಳನ್ನು ತಯಾರಿಸುತ್ತೇನೆ. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಅದನ್ನು ನೋಡಿಕೊಂಡು ನಾವು ಇಲ್ಲದ ಹಲ್ಲನ್ನು ಮಾಡುತ್ತೇವೆ. ಮಾಡಿದ ಹಲ್ಲು ಸರಿಯಾಗಿ ಕೂರದಿದ್ದರೆ ಅಚ್ಚಿನಲ್ಲಿ ತಪ್ಪಿರುತ್ತದೆ, ಇಲ್ಲವೇ ನನ್ನ ಕೈಯಲ್ಲಿ. ಮೂರನೆಯ ಕಾರಣ ಇರುವುದಿಲ್ಲ. ಇಷ್ಟು ವರ್ಷ ಹಾಗೆಂದೇ ತಿಳಿದು ಬದುಕಿದವಳಿಗೆ 2017ರ ಚಳಿಗಾಲದಲ್ಲಿ ನಡೆದದ್ದನ್ನು ಬರೆಯಲು ಸಂಕೋಚವಾಗುತ್ತದೆ. ನೀವು ನಂಬಲೇಬೇಕೆಂದು ನನ್ನ ಹಟವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಓದಿದ ಮೇಲೆ ನಿಮಗೇನಾದರೂ ಕಾರಣ ಹೊಳೆದರೆ ನನ್ನ ತಲೆಯ ಭಾರ ಇಳಿದೀತು.

ವಾನ್‌ನಲ್ಲಿ ಎಂದರೆ ಪಕ್ಕದ ಊರಿನಲ್ಲಿ, ಪರಿಚಯದವರ ಬೇಸ್‌ಮೆಂಟಿನಲ್ಲಿ ಸಂಕ್ರಾಂತಿಗೆಂದು ಒಂದಷ್ಟು ಕನ್ನಡದ ಮನೆಗಳವರು ಸೇರಿದ್ದೆವು. ಎಳ್ಳುಬೆಲ್ಲದ ತಟ್ಟೆ ಹಿಡಿದು ಕೂತಿದ್ದಾಗ ಪುಷ್ಪ ಬಂದು ಪಕ್ಕದಲ್ಲಿ ಕೂತಳು. ಅವಳು ಉಡುಪಿ ಕಡೆಯವಳು, ಹೆಜಮಾಡಿಯವಳು. ಮನೆಮಾತು ತುಳು, ನಮ್ಮ ಜೊತೆ ಕನ್ನಡ. ಒಂದು ವೇರ್‌ಹೌಸಿನಲ್ಲಿ ಶಿಫ್ಟ್ ಮೇಲೆ ಕೆಲಸ ಮಾಡುತ್ತಿದ್ದಳು. ಸುಸ್ತಾಗಿದ್ದಾಳೆ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು.

“ನೀವು ಹಲ್ಲು ಜೋಡಿಸ್ತೀರಲ್ಲ, ಕೋಲು ಜೋಡಿಸ್ಲಿಕ್ಕೆ ಆಗ್ತದಾ ನಿಮ್ಗೆ?” ಎಂದು ಕೇಳಿದಳು.

ತಮಾಷೆ ಎಂದುಕೊಂಡು ನಾನು ನಕ್ಕೆ. ಅವಳು ನಗಲಿಲ್ಲ.

ವಿಷಯ ಇಷ್ಟು. ಅವಳ ತಾಯಿ ವಾರಿಜಮ್ಮ ಅವಳ ಜೊತೆಗೇ ವುಡ್‌ಬ್ರಿಡ್ಜ್‌ನಲ್ಲಿ ಇದ್ದರು. ಎಪ್ಪತ್ತು ದಾಟಿದವರು, ಸೊಂಟದ ನೋವಿನವರು. ಹಿಂದಿನ ತಿಂಗಳು ತಾಯಿ-ಮಗಳು ಪ್ಲಾಜಾದಲ್ಲಿ ದಿನಸಿ ತೆಗೆದುಕೊಂಡು ಕಾರಿನತ್ತ ಬರುತ್ತಿದ್ದಾಗ ಐಸ್ ಮೇಲೆ ಕೋಲು ಜಾರಿತ್ತು. ಪುಷ್ಪ ತಾಯಿಯನ್ನು ಹೇಗೋ ಹಿಡಿದುಕೊಂಡಳು. ಆದರೆ ಕೋಲು ಉರುಳಿ, ಹಿಂದಕ್ಕೆ ಬರುತ್ತಿದ್ದ ಒಂದು ವ್ಯಾನಿನ ಚಕ್ರದಡಿ ಸಿಕ್ಕಿತು. ಹಿಡಿ ಪುಡಿಪುಡಿಯಾಯಿತು. ತಾಯಿಯನ್ನು ಕಾರಿನಲ್ಲಿ ಕೂರಿಸಿ ಚೂರುಗಳನ್ನು ಹೆಕ್ಕಲು ಪುಷ್ಪ ವಾಪಸ್ ಹೋಗುವಷ್ಟರಲ್ಲಿ ಹಿಮ ತೆಗೆಯುವ ಗಾಡಿ ಎಲ್ಲವನ್ನೂ ಕೆಸರಿನ ಜೊತೆ ಮೂಲೆಯ ಗುಡ್ಡೆಗೆ ತಳ್ಳಿಯಾಗಿತ್ತು.

“ಅವತ್ತಿಂದ ಅಮ್ಮ ರೂಮಿಂದ ಹೊರಗೆ ಬರುದಿಲ್ಲ. ವಾಕರ್ ತಂದೆ, ಮುಟ್ಲಿಲ್ಲ. ಬಾತ್‌ರೂಮಿಗೂ ನನ್ನ ಕೈ ಹಿಡ್ಕೊಂಡೇ ಹೋಗ್ಬೇಕು. ನಾನು ಶಿಫ್ಟಲ್ಲಿ ಇದ್ರೆ ನೀರು ಕೂಡ ಕುಡಿಯುದಿಲ್ಲ, ಎದ್ದು ಹೋಗ್ಬೇಕಾಗ್ತದೆ ಅಂತ. ಹೀಗೇ ಆದ್ರೆ ಆಮೇಲೆ ಹಾಸಿಗೆಯಿಂದ ಏಳ್ಲಿಕ್ಕೇ ಆಗುದಿಲ್ಲ ಅಂತ ಡಾಕ್ಟರು ಹೇಳಿ ಆಯ್ತು,” ಎಂದಳು ಪುಷ್ಪ.

ಆ ಶನಿವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ವಾರಿಜಮ್ಮ ಹಾಸಿಗೆಯ ಅಂಚಿನಲ್ಲಿ ಕೂತು ಕಿಟಕಿಯತ್ತ ನೋಡುತ್ತಿದ್ದರು. ಸಣ್ಣ ಆಕಾರದ ಹೆಂಗಸು, ಬಿಳಿ ಕೂದಲನ್ನು ಬಿಗಿಯಾಗಿ ಗಂಟು ಕಟ್ಟಿದ್ದರು. ಮೂಲೆಯಲ್ಲಿದ್ದ ಹೊಸ ವಾಕರಿನ ಮೇಲೆ ಮನೆಯವರ ಜಾಕೆಟ್ಟುಗಳನ್ನೆಲ್ಲ ನೇತುಹಾಕಿದ್ದರು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು, “ಅದು ಆಸ್ಪತ್ರೆ ಸಾಮಾನು. ಬಟ್ಟೆ ಹಾಕ್ಲಿಕ್ಕೆ ಒಳ್ಳೇದುಂಟು,” ಎಂದರು.

ಕೋಲನ್ನು ಬೈರಾಸು ಎಂದು ಅವರು ಕರೆಯುವ ಹಳೆಯ ಟವೆಲಿನಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟಿದ್ದರು. ಪುಷ್ಪ ತೆಗೆದು ಕೊಟ್ಟಾಗ ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದೆ. ಹಲಸಿನ ಮರ, ವರ್ಷಾನುಗಟ್ಟಲೆ ಕೈ ಆಡಿ ಕಪ್ಪುಜೇನಿನ ಬಣ್ಣಕ್ಕೆ ಬಂದಿತ್ತು. ಬುಡದಿಂದ ಮೇಲಕ್ಕೆ ಬಳ್ಳಿ ಹಬ್ಬಿದ ಹಾಗೆ ಸುತ್ತಿ ಸುತ್ತಿ ಕೆತ್ತನೆ: ಒಂದು ಏಡಿ, ಒಂದು ದೋಣಿ, ಬಾವಿಯ ರಾಟೆ, ಮೈ ನೆಕ್ಕಿಕೊಳ್ಳುವ ಬೆಕ್ಕು, ಬಾಗಿಲಿನ ಚಿಲಕ. ಕಲಿತ ಶಿಲ್ಪಿಯ ನಯವಾದ ಕೆಲಸದಂತೆ ಕಾಣುತ್ತಿರಲಿಲ್ಲ. ಆದರೆ ಪ್ರತಿಯೊಂದರಲ್ಲೂ ಒಂದು ತುಂಟತನ ಇತ್ತು. ಬೆಕ್ಕಿನ ಒಂದು ಕಿವಿ ಹರಿದಿತ್ತು. ಏಡಿಯ ಕೊಂಡಿಯಲ್ಲಿ ಯಾರದೋ ಕಾಲ್ಬೆರಳು ಸಿಕ್ಕಿಕೊಂಡಿತ್ತು.

“ನನ್ನ ತಮ್ಮ ಶೀನ ಮಾಡಿದ್ದು. ಅವ ದೋಣಿ ಕಟ್ಟುವವ. ಕೋಲು ಅಂತ ಮಾಡಿದ್ದು ಇದೊಂದೇ. ನನ್ನ ಸೊಂಟ ಹಾಳಾದಾಗ ನಂಗೆ ಅಂತ ಮಾಡಿದ್ದು,” ಎಂದರು ವಾರಿಜಮ್ಮ. ಅದುವರೆಗೆ ಕಿಟಕಿಯ ಕಡೆ ಇದ್ದ ಮುಖ ಈಗ ಪೂರ್ತಿ ನನ್ನತ್ತ ತಿರುಗಿತ್ತು. ಒಂದೊಂದು ಚಿತ್ರದ ಮೇಲೂ ಬೆರಳಿಟ್ಟು ಅದರ ಕಥೆ ಹೇಳಿದರು. ಕಾಲ್ಬೆರಳು ಅವರದೇ ಅಂತೆ.

ಕೋಲಿನ ಮೇಲ್ತುದಿ ಮಾತ್ರ ಸಿಗಿದ ಕಬ್ಬಿನ ಹಾಗಾಗಿತ್ತು. ಅಲ್ಲಿಂದ ಕೆಳಗೆ ಒಂದು ಗೇಣಿನಷ್ಟು ಉದ್ದಕ್ಕೆ ಸೀಳು ಬಿಟ್ಟಿತ್ತು.

“ಮೇಲೆ ಏನಿತ್ತು?” ಎಂದೆ.

“ಹಕ್ಕಿ.”

“ಯಾವ ಹಕ್ಕಿ?”

ವಾರಿಜಮ್ಮ ಯೋಚಿಸಿದರು. “ಯಾವ ಹಕ್ಕಿ ಅಂದ್ರೆ ಎಂಥ ಹೇಳುದು? ಹಕ್ಕಿ ಮಾರಾಯ್ತಿ!”

“ಗಿಣಿ ಅಲ್ವಾ ಅಮ್ಮ?” ಎಂದಳು ಪುಷ್ಪ.

“ಗಿಣಿ ಎಂಥದ್ದು? ಕಾಗೆ ಹಾಗೆ ಇತ್ತು. ಅಲ್ಲ, ಕಾಗೆಯಷ್ಟು ಉದ್ದ ಮೂತಿ ಇರ್ಲಿಲ್ಲ...”

ನಮ್ಮೆಲ್ಲರ ಕಥೆಯೂ ಹೀಗೆಯೇ ತಾನೆ? ದಿನವೂ ಕೈಯಲ್ಲಿ ಹಿಡಿಯುವ ವಸ್ತುವನ್ನು ನಾವು ನೋಡುವುದೇ ಇಲ್ಲ. ಫೋಟೋಗಳನ್ನು ಹುಡುಕಿಸಿದೆ. ಮದುವೆ, ನಾಮಕರಣ, ನಯಾಗರಾ, ಎಲ್ಲ ಕಡೆಯೂ ವಾರಿಜಮ್ಮ ಕೋಲು ಹಿಡಿದು ನಿಂತಿದ್ದರು. ಎಲ್ಲ ಫೋಟೋದಲ್ಲೂ ಅವರ ಅಂಗೈ ಹಕ್ಕಿಯನ್ನು ಮುಚ್ಚಿಕೊಂಡಿತ್ತು, ಬೆರಳಾಚೆ ಇಣುಕಿದ ತುದಿ ಬರೀ ಮಸುಕು.

“ನಿಮ್ಮ ತಮ್ಮನ ಮನೆಯವರನ್ನ ಕೇಳಬಹುದಲ್ವಾ?” ಎಂದೆ. ಶೀನ ತೀರಿಹೋಗಿದ್ದರು ಎಂದು ಪುಷ್ಪ ಮೊದಲೇ ಹೇಳಿದ್ದಳು. ಅವರ ಹೆಂಡತಿ ಕಮಲ ಊರಿನಲ್ಲೇ ಇದ್ದರು.

ವಾರಿಜಮ್ಮನ ದನಿ ಗಟ್ಟಿಯಾಯಿತು. “ಬೇಡ. ಕಮಲನಿಗೆ ಗೊತ್ತಾಗ್ಬಾರ್ದು. ಅವ ಹೋಗಿ ವರ್ಷ ಆಗ್ಲಿಲ್ಲ. ಅವನ ಕೋಲನ್ನು ಮುರ್ದು ಹಾಕಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ?” ಆಮೇಲೆ ತಾವಾಗಿಯೇ ಒಂದೊಂದು ನೆನಪು ಮಾಡಿಕೊಂಡು ಹೇಳಿದರು. ಬೆನ್ನಿನ ಮೇಲೆ ರೆಕ್ಕೆಯ ಗೆರೆ ಇತ್ತು. ಬಾಲ ಚಿಕ್ಕದು. ಕೊಕ್ಕು ಮುಚ್ಚಿಕೊಂಡಿತ್ತು, ನುಣ್ಣಗೆ ಬೋಳಾಗಿತ್ತು. “ಕೂತಾಗ ಅದನ್ನೇ ಸವರ್ತಾ ಕೂತ್ಕೊಳ್ಳುದು ನಂಗೆ ಅಭ್ಯಾಸ. ಅದ್ರಲ್ಲಿ ಏನೂ ಇರ್ಲಿಲ್ಲ.” ಈ ಮಾತನ್ನು ಅವರು ಸ್ಪಷ್ಟವಾಗಿ ಹೇಳಿದರು. ನನಗೆ ಚೆನ್ನಾಗಿ ನೆನಪಿದೆ.

ಹಿಡಿಯ ಚಿತ್ರ ಸಿಗದಿದ್ದರೆ ಹೋಗಲಿ, ಅದು ಅವರ ಕೈಗೆ ಒಗ್ಗುವಂತಾದರೂ ಇರಲಿ ಎಂದು ನಾನು ಲ್ಯಾಬಿನಿಂದ ಅಚ್ಚಿನ ಪುಟ್ಟಿ ತಂದಿದ್ದೆ. ಇದು ಬಾಯಿಯ ಅಚ್ಚು ತೆಗೆಯಲು ಬಳಸುವ ವಸ್ತು. ಎರಡು ಬಣ್ಣದ ಮುದ್ದೆಗಳನ್ನು ಚಪಾತಿ ಹಿಟ್ಟಿನಂತೆ ಕಲಸಿದರೆ ಕೆಲವೇ ನಿಮಿಷಗಳಲ್ಲಿ ರಬ್ಬರಿನಂತೆ ಗಟ್ಟಿಯಾಗುತ್ತದೆ. ಕೂದಲೆಳೆಯಷ್ಟು ಸಣ್ಣ ಗೆರೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕೋಲಿನ ಸಿಗಿದ ತುದಿಗೆ ಒಂದು ಮರದ ಕಡ್ಡಿ ಕಟ್ಟಿ, ಅದರ ಸುತ್ತ ಕಲಸಿದ ಪುಟ್ಟಿಯನ್ನು ಮೆತ್ತಿದೆ. ಹಿಂದೆ ಬಾಲಕ್ಕೆ ಸ್ವಲ್ಪ, ಮುಂದೆ ಕೊಕ್ಕಿಗೆ ಸ್ವಲ್ಪ ಜಾಗ ಬಿಟ್ಟೆ. ಮುಂದಿನ ತುದಿಯನ್ನು ಬನ್ನಿನ ಹಾಗೆ ಮೊಂಡಾಗಿಯೇ ಬಿಟ್ಟೆ, ಅದು ಅಷ್ಟು ಮುಖ್ಯವಾಗಿರಲಿಲ್ಲ.

“ನಿಂತ್ಕೊಂಡು ಹಿಡೀರಿ ವಾರಿಜಮ್ಮ. ಮೊದಲು ಹೇಗೆ ಹಿಡೀತಿದ್ರೋ ಹಾಗೆ. ಭಾರ ಬಿಡಿ,” ಎಂದೆ.

ಅವರು ಎದ್ದರು. ಪುಷ್ಪ ಮುಟ್ಟದೆ, ಬೀಳದ ಹಾಗೆ ತಾಯಿಯ ಬೆನ್ನ ಹಿಂದೆ ಕೈ ಚಾಚಿ ನಿಂತಳು. ವಾರಿಜಮ್ಮ ಬಲಗೈಯನ್ನು ಪುಟ್ಟಿಯ ಮೇಲಿಟ್ಟು, ಬೆರಳು ಮಡಚಿ, ಕಣ್ಣು ಮುಚ್ಚಿದರು. ಅವರ ಭಾರ ಕೋಲಿನ ಮೇಲೆ ಇಳಿಯುವುದು ನನಗೆ ಕಾಣುತ್ತಿತ್ತು. ತೋರುಬೆರಳು ಹಕ್ಕಿಯ ಕತ್ತು ಇರಬೇಕಾದ ಜಾಗದಲ್ಲಿ ಸುತ್ತಿಕೊಂಡಿತ್ತು. ಅದರ ಮುಂದಿನ ತುದಿಯನ್ನು ಅವರ ಕೈ ಮುಟ್ಟಿರಲಿಲ್ಲ. ನಾನು ಕೋಲಿನ ಕೆಳಗಡೆ ಹಿಡಿದು ಮಂಡಿಯೂರಿ ಕೂತಿದ್ದೆ, ನನ್ನ ಕಣ್ಣು ಅದರ ಮೇಲೆಯೇ ಇತ್ತು. ಮನೆ ಬೆಚ್ಚಗಿಡುವ ಫರ್ನೇಸಿನ ಗಾಳಿಯ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಪುಟ್ಟಿ ಗಟ್ಟಿಯಾಯಿತು. ಅವರು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಆ ರೂಮಿನ ಹಳದಿ ಬೆಳಕಿನಲ್ಲಿ ನನಗೆ ಕಂಡದ್ದು ಒಂದು ಕೈಯ ಗುಳಿಗಳು ಮಾತ್ರ. ಅದನ್ನು ತೆಗೆದು ನನ್ನ ಟಿಫಿನ್ ಡಬ್ಬಿಯಲ್ಲಿ ಹಾಕಿಕೊಂಡು, ಕೋಲನ್ನೂ ಮನೆಗೆ ಒಯ್ದೆ.

ಸೋಮವಾರ ಊಟದ ಬಿಡುವಿನಲ್ಲಿ ಅದನ್ನು ಲ್ಯಾಬಿನ ಭೂತಗನ್ನಡಿಯ ದೀಪದಡಿ ಇಟ್ಟೆ. ಅಂಗೈ ಕೂತಿದ್ದ ಬೆನ್ನಿನ ಭಾಗದಲ್ಲಿ ಸಾಲುಸಾಲಾಗಿ, ಒಂದರ ಮೇಲೊಂದು ಹೆಂಚು ಹೊದಿಸಿದ ಹಾಗೆ ಸಣ್ಣ ಗೆರೆಗಳಿದ್ದವು. ಅಂಗೈಯ ಚರ್ಮದ ಗೆರೆಗಳನ್ನು ನಾನು ಬಲ್ಲೆ. ಇವು ಹಾಗಿರಲಿಲ್ಲ. ಪುಕ್ಕಗಳು. ಪ್ರತಿ ಪುಕ್ಕದ ನಡುವೆ ಒಂದು ನರ, ನರದಿಂದ ಎರಡೂ ಕಡೆಗೆ ಎಳೆಗಳು. ಪುಟ್ಟಿಯನ್ನು ನಿಧಾನವಾಗಿ ತಿರುಗಿಸಿದೆ. ನಾನು ಮೊಂಡಾಗಿ ಬಿಟ್ಟಿದ್ದ ಮುಂದಿನ ತುದಿಯಲ್ಲಿ ಒಂದು ದಪ್ಪ ಕೊಕ್ಕು ಇತ್ತು. ಅದು ಸ್ವಲ್ಪ ತೆರೆದಿತ್ತು. ಅದರೊಳಗೆ, ಎರಡು ತುಟಿಗಳ ನಡುವೆ ಕಚ್ಚಿಕೊಂಡ ಹಾಗೆ, ಬಾಗಿದ ಒಂದು ಸಣ್ಣ ಉಬ್ಬು. ಮೈಸೂರಿನವಳಾದ ನನಗೆ ಮೊದಲು ಹೊಳೆದ ಹೆಸರು ಗೋಡಂಬಿ.

ನಾನು ಕಣ್ಣು ಉಜ್ಜಿಕೊಳ್ಳಲಿಲ್ಲ, ಕೂಗಲೂ ಇಲ್ಲ. ದೀಪ ಆರಿಸಿ ಮತ್ತೆ ಹಾಕಿದೆ. ಪಕ್ಕದ ಮೇಜಿನ ಶಿರಿನ್‌ಳನ್ನು ಕರೆದೆ. ಅವಳು ಇರಾನಿನವಳು, ನನಗಿಂತ ಹೆಚ್ಚು ಅನುಭವ ಇರುವವಳು. ಏನೂ ಹೇಳದೆ, ‘ಏನು ಕಾಣ್ತಾ ಇದೆ?’ ಎಂದಷ್ಟೇ ಇಂಗ್ಲಿಷಿನಲ್ಲಿ ಕೇಳಿದೆ.

ಅವಳು ಬಗ್ಗಿ ನೋಡಿ, “ಬರ್ಡ್. ಇಟ್ಸ್ ಈಟಿಂಗ್ ಸಮ್‌ಥಿಂಗ್,” ಎಂದಳು. ಆಮೇಲೆ, “ಚೆನ್ನಾಗಿ ಕೆತ್ತಿದ್ದೀಯ, ಕೊರೆಯಲು ಯಾವ ಬರ್ ಬಳಸಿದೆ?” ಎಂದು ಕೇಳಿದಳು.

ನಾನು ಕೆತ್ತಿಲ್ಲ ಎಂದಾಗ ಅವಳು ಕುರ್ಚಿ ಎಳೆದುಕೊಂಡು ಕೂತಳು. ಇಬ್ಬರೂ ಊಟ ಮರೆತೆವು. ವರ್ಷಾನುಗಟ್ಟಲೆ ಒಂದೇ ಕೆತ್ತನೆಯನ್ನು ಒತ್ತಿ ಹಿಡಿದ ಅಂಗೈಯಲ್ಲಿ ಅದರ ಗುರುತು ಉಳಿದಿರಬಹುದು ಎಂದು ಅವಳು ಹೇಳಿದಳು. ಅವಳ ತಾಯಿಯ ಹೆಬ್ಬೆರಳಿನಲ್ಲಿ ಚಾಕು ಹಿಡಿದು ಹಿಡಿದು ಆದ ಗುರುತು ಸಾಯುವವರೆಗೂ ಇತ್ತಂತೆ. ಇದು ನನಗೂ ಒಪ್ಪಿಗೆಯಾಗುವ ಮಾತಾಗಿತ್ತು. ವಾರಿಜಮ್ಮ ಕೋಲು ಹಿಡಿಯದೆ ವಾರಗಳೇ ಕಳೆದಿದ್ದರೂ, ಇರಲಿ, ಚರ್ಮ ನೆನಪಿಟ್ಟುಕೊಂಡಿತು ಎನ್ನೋಣ. ಆದರೆ ಕೊಕ್ಕಿನ ಜಾಗವನ್ನು ಅವರ ಚರ್ಮ ಮುಟ್ಟಿರಲಿಲ್ಲ. ಪುಟ್ಟಿ ಒಮ್ಮೆ ಗಟ್ಟಿಯಾದರೆ ಉಗುರಿನಿಂದ ಒತ್ತಿದರೂ ಗುರುತು ನಿಲ್ಲುವುದಿಲ್ಲ, ಹಾಗಾಗಿ ಡಬ್ಬಿಯಲ್ಲಿ ಏನೋ ತಾಗಿ ಆದದ್ದು ಎನ್ನುವಂತೆಯೂ ಇರಲಿಲ್ಲ. ಶಿರಿನ್ ಕೊನೆಗೆ ತನ್ನ ಭಾಷೆಯಲ್ಲಿ ಏನೋ ಹೇಳಿಕೊಂಡು ಎದ್ದು ಹೋದಳು.

ಆ ಹೊತ್ತಿನಲ್ಲಿ ನನಗೇನು ಅನ್ನಿಸಿತೆಂದು ಕೇಳಿದರೆ, ಹೆದರಿಕೆ ಆಗಲಿಲ್ಲ. ವರ್ಷಗಳ ಹಿಂದೆ ಗರ್ಭಿಣಿಯಾಗಿದ್ದಾಗ ಸ್ಕ್ಯಾನ್ ಯಂತ್ರದಿಂದ ಮಗಳ ಎದೆಬಡಿತ ಮೊದಲ ಸಲ ಕೇಳಿಸಿದಾಗ ಮೈಯೆಲ್ಲ ಹೀಗೆಯೇ ತಣ್ಣಗಾಗಿ ಸುಮ್ಮನೆ ಮಲಗಿದ್ದೆ. ನನಗಿಂತ ದೊಡ್ಡದೊಂದು ನನ್ನ ಹತ್ತಿರದಲ್ಲೇ ತನ್ನ ಪಾಡಿಗೆ ಕೆಲಸ ಮಾಡುತ್ತಿದೆ ಎನ್ನುವ ಭಾವ ಅದು.

ನನ್ನ ಗಂಡ ರಘು ಕಿಚನ್ ಕ್ಯಾಬಿನೆಟ್ ಮಾಡುವ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿ ಮಿಕ್ಕ ತುಂಡುಗಳಲ್ಲಿ ಒಂದು ಒಳ್ಳೆಯ ವಾಲ್‌ನಟ್ ತುಂಡು ತಂದುಕೊಟ್ಟ. ಪುಟ್ಟಿಯ ಕಥೆಯನ್ನು ಅವನು ಪೂರ್ತಿ ಕೇಳಿದ. ನಗಲಿಲ್ಲ, ನಂಬಲೂ ಇಲ್ಲ. “ಗೋಡಂಬಿ ಮಾತ್ರ ಬೇಡ ಕಣೆ. ಮೂತಿ ತುದೀಲಿ ಅಷ್ಟು ಚಿಕ್ಕದನ್ನ ಕೆತ್ತಿದ್ರೆ ಮೊದಲನೇ ಏಟಿಗೇ ಮುರಿದುಹೋಗುತ್ತೆ. ಅಲ್ಲದೆ ಅವರೇ ಇರಲಿಲ್ಲ ಅಂದಿದಾರಲ್ಲ,” ಎಂದ.

ಅವನ ಮಾತು ಸರಿಯಾಗಿಯೇ ಇತ್ತು. ಆದರೂ ನನ್ನ ವೃತ್ತಿಯ ಅಭ್ಯಾಸ ನನ್ನನ್ನು ಬಿಡಲಿಲ್ಲ. ಅಚ್ಚಿನಲ್ಲಿ ಏನಿದೆಯೋ ಅದನ್ನು ಮಾಡಬೇಕು. ನನಗೆ ಅರ್ಥವಾಗಲಿಲ್ಲ ಎಂದು ಒಂದು ಉಬ್ಬನ್ನು ಬಿಟ್ಟುಬಿಡುವ ಹಕ್ಕು ನನಗಿಲ್ಲ.

ಮುಂದಿನ ವಾರಗಳಲ್ಲಿ ಸಂಜೆ ಗರಾಜಿನಲ್ಲಿ ಹೀಟರ್ ಹಾಕಿಕೊಂಡು ಕೂರುತ್ತಿದ್ದೆ. ಮೊದಲು ಕೋಲಿನ ಸೀಳಿಗೆ ಸಿರಿಂಜಿನಲ್ಲಿ ಅಂಟು ಇಳಿಸಿ, ಹಳೆಯ ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿದೆ. ಸಿಗಿದ ತುದಿಯನ್ನು ಕತ್ತರಿಸಿ ಹಾಕಿದೆ. ವಯಸ್ಸಿನಿಂದ ವಾರಿಜಮ್ಮ ಕುಗ್ಗಿದ್ದರು, ಕೋಲು ಅವರಿಗೆ ಉದ್ದವೇ ಆಗಿತ್ತು. ಹಾಗಾಗಿ ಕತ್ತರಿಸಿದ್ದು ಒಳ್ಳೆಯದೇ ಆಯಿತು. ಕೋಲಿನ ಒಳಗೆ ತೂತು ಕೊರೆದು ಉಕ್ಕಿನ ಸಲಾಕೆ ಕೂರಿಸಿದೆ, ಅದರ ಇನ್ನೊಂದು ತುದಿ ಹೊಸ ಹಿಡಿಯೊಳಗೆ ಹೋಗುವಂತೆ. ಬುಡಕ್ಕೆ ಹೊಸ ರಬ್ಬರ್, ಅದರ ಪಕ್ಕಕ್ಕೆ ಐಸ್ ಮೇಲೆ ನಡೆಯುವಾಗ ಕೆಳಗೆ ಮಡಚಿಕೊಳ್ಳುವ ಉಕ್ಕಿನ ಹಲ್ಲುಗಳು. ಶೀನ ದೋಣಿ ಕಟ್ಟಿದ ಊರಿನಲ್ಲಿ ಅದರ ಅಗತ್ಯ ಇರಲಿಲ್ಲ, ಇಲ್ಲಿ ಇತ್ತು. ಹಕ್ಕಿಯನ್ನು ಹಲ್ಲು ಕೊರೆಯುವ ಸಲಕರಣೆಗಳಲ್ಲೇ ಕೆತ್ತಿದೆ. ಪುಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಪುಕ್ಕವನ್ನೂ ಅಳೆದು ಇಳಿಸುತ್ತಿದ್ದೆ. ಕೊನೆಗೆ ಕೊಕ್ಕು, ಕೊಕ್ಕಿನಲ್ಲಿ ಆ ಗೋಡಂಬಿ. ಅದನ್ನು ಕೆತ್ತುವಾಗ ಉಸಿರು ಬಿಗಿಹಿಡಿದಿದ್ದೆ, ಮುರಿಯಲಿಲ್ಲ.

ಮಾರ್ಚಿನ ಒಂದು ಭಾನುವಾರ ಬೆಳಿಗ್ಗೆ ಕೋಲನ್ನು ಅದೇ ಬೈರಾಸಿನಲ್ಲಿ ಸುತ್ತಿ ಒಯ್ದೆ. ಹೊರಗೆ ಛಾವಣಿಯ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ವಾರಿಜಮ್ಮ ಹಾಸಿಗೆಯ ಅಂಚಿನಲ್ಲೇ ಇದ್ದರು, ಇನ್ನಷ್ಟು ಇಳಿದುಹೋಗಿದ್ದರು. ಕೋಲನ್ನು ಕೊಟ್ಟೆ. ಅವರು ಅದನ್ನು ನೋಡಲಿಲ್ಲ. ಬಲಗೈ ನೇರವಾಗಿ ಹಕ್ಕಿಯ ಬೆನ್ನಿನ ಮೇಲೆ ಹೋಗಿ ಕೂತಿತು. ಯಾರನ್ನೂ ಕೇಳದೆ, ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತರು. ಪುಷ್ಪ ಮುಂದೆ ಬಂದಾಗ, “ನೀನು ಅತ್ಲಾಗೆ ಇರು,” ಎಂದರು. ಕಿಟಕಿಯವರೆಗೆ ಹೋದರು. ಅಲ್ಲಿಂದ ಬಾಗಿಲಿಗೆ. ಬಾಗಿಲಿನಿಂದ ಹಾಲಿಗೆ. ಪುಷ್ಪ ಸೆರಗಿಲ್ಲದ ಬಟ್ಟೆಯಲ್ಲಿ ಸೆರಗು ಹುಡುಕಿ, ಕೊನೆಗೆ ತೋಳಿನಿಂದಲೇ ಕಣ್ಣು ಒರೆಸಿಕೊಂಡಳು.

ಸೋಫಾದಲ್ಲಿ ಕೂತ ಮೇಲೆ ವಾರಿಜಮ್ಮ ಅಭ್ಯಾಸದಂತೆ ಎಡಗೈಯಿಂದ ಕೊಕ್ಕನ್ನು ಸವರಿದರು. ಕೈ ಅಲ್ಲೇ ನಿಂತಿತು.

“ಇದೆಂಥದ್ದು ಮಗಾ?”

“ಕೊಕ್ಕಲ್ಲಿ ಏನೋ ಇದ್ದ ಹಾಗೆ ಅಚ್ಚಲ್ಲಿ ಬಂದಿತ್ತು...”

“ಉಳ್ದದ್ದೆಲ್ಲ ಅದೇ. ರೆಕ್ಕೆ ಅದೇ, ಬಾಲ ಅದೇ. ಇದು ಇರ್ಲಿಲ್ಲ.”

“ಬೇಡ ಅಂದ್ರೆ ಈಗ್ಲೇ ತೆಗೆದುಬಿಡ್ತೀನಿ ವಾರಿಜಮ್ಮ. ಒಂದು ನಿಮಿಷದ ಕೆಲಸ,” ಎಂದೆ. ನಿಜ ಹೇಳಬೇಕೆಂದರೆ ನನಗೆ ಒಂದು ರೀತಿಯ ನಿರಾಳವೇ ಆಯಿತು. ಅಚ್ಚು ತಪ್ಪು ಹೇಳಿದೆ ಎಂದಾದರೆ ಎಲ್ಲವೂ ಕಾಕತಾಳೀಯ, ನನ್ನ ಕಣ್ಣಿನ ಭ್ರಮೆ. ಮತ್ತೆ ಹಳೆಯ ನಾನಾಗಿ ಮನೆಗೆ ಹೋಗಬಹುದಿತ್ತು.

“ಇರ್ಲಿ ಬಿಡು. ಪಾಪ, ಹಕ್ಕಿಗೆ ಹಸಿವಾಗುದಿಲ್ವಾ?” ಎಂದು ಅವರು ನಕ್ಕರು. ನಂತರ ಮಗಳತ್ತ ತಿರುಗಿ, “ಈಗ ಕಮಲನಿಗೆ ಫೋನ್ ಮಾಡು. ಈಗ ತೋರಿಸ್ಬಹುದು,” ಎಂದರು.

ಪುಷ್ಪ ವಿಡಿಯೋ ಕರೆ ಮಾಡಿದಳು. ಅಲ್ಲಿ ರಾತ್ರಿ ಊಟದ ಹೊತ್ತು. ತೆಳ್ಳಗಿನ ಮುಖದ ಹೆಂಗಸೊಬ್ಬರು ಕಾಣಿಸಿಕೊಂಡರು. ಮೂವರೂ ತುಳುವಿನಲ್ಲಿ ಮಾತಾಡತೊಡಗಿದರು. ನನಗೆ ತುಳು ಬರುವುದಿಲ್ಲ, ಸುಮ್ಮನೆ ಮುಖಗಳನ್ನು ನೋಡುತ್ತ ಕೂತಿದ್ದೆ. ಹಿಡಿ ಮುರಿದ ವಿಷಯವನ್ನು ಅವರು ಹೇಳಿರಲಿಲ್ಲ ಎಂದು ಪುಷ್ಪ ಆಮೇಲೆ ತಿಳಿಸಿದಳು. ಕೋಲಿಗೆ ಸ್ವಲ್ಪ ರಿಪೇರಿ ಮಾಡಿಸಿದೆವು ಎಂದಷ್ಟೇ ಹೇಳಿ, ಅವಳು ಫೋನನ್ನು ಹಕ್ಕಿಯ ಹತ್ತಿರ ಹಿಡಿದಳು.

ಕಮಲ ಏನನ್ನೋ ಕೇಳಿದರು. ಒಂದೇ ಸಣ್ಣ ಪ್ರಶ್ನೆ. ವಾರಿಜಮ್ಮನ ಮುಖದ ಬಣ್ಣ ಬದಲಾಯಿತು. ಪುಷ್ಪ ಫೋನ್ ಹಿಡಿದುಕೊಂಡೇ ನನ್ನತ್ತ ತಿರುಗಿದಳು.

“ಅತ್ತೆ ಕೇಳ್ತಿದ್ದಾರೆ,” ಎಂದಳು, “ಆ ಗೇರುಬೀಜ ಅವತ್ತೇ ಮುರ್ದು ಹೋಗಿತ್ತಲ್ಲ, ಈಗ ಯಾರು ಕೂರಿಸಿದ್ದು ಅಂತ.”

ಕೇಳಿ ತಿಳಿದ ಕಥೆಯನ್ನು ಒಟ್ಟಾಗಿ ಹೇಳುತ್ತೇನೆ. ಶೀನ ಹಕ್ಕಿಯ ಕೊಕ್ಕಿನಲ್ಲಿ ಒಂದು ಗೇರುಬೀಜ ಕೆತ್ತಿದ್ದರು, ನಾನು ಗೋಡಂಬಿ ಎಂದದ್ದು ಅದನ್ನೇ. ಅಕ್ಕನಿಗೆ ಕೋಲು ಕೊಡಲೆಂದು ಗಂಡ-ಹೆಂಡತಿ ಬಸ್ಸಿನಲ್ಲಿ ಹೊರಟಾಗ, ಇಳಿಯುವ ಗಡಿಬಿಡಿಯಲ್ಲಿ ಅದು ಬಾಗಿಲಿಗೆ ತಾಗಿ ಮುರಿದು ರಸ್ತೆಗೆ ಬಿತ್ತು. ಹುಡುಕಿದರೂ ಸಿಗಲಿಲ್ಲ. ಶೀ‌ನ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, ಜೇಬಿನ ಚೂರಿಯಿಂದ ಕೊಕ್ಕನ್ನು ಹೆರೆದು, ಒಂದು ಗಾಜಿನ ಚೂರಿನಿಂದ ನುಣ್ಣಗೆ ಮಾಡಿದರು. ‘ಅಕ್ಕನಿಗೆ ಹೇಳ್ಬೇಡ, ಇನ್ನೊಂದು ಮಾಡಿ ಅಂಟಿಸ್ತೇನೆ’ ಎಂದು ಹೆಂಡತಿಗೆ ಹೇಳಿದರು. ಆಮೇಲೆ ಅದು ಮರೆತುಹೋಯಿತು. ವಾರಿಜಮ್ಮನ ಕೈಗೆ ಬಂದದ್ದು ಖಾಲಿ ಕೊಕ್ಕಿನ ಹಕ್ಕಿ. ಅಂದರೆ, ಅವರ ಅಂಗೈಗಾಗಲಿ ಬೆರಳಿಗಾಗಲಿ ಆ ಬೀಜ ಎಂದೂ ತಾಗಿರಲಿಲ್ಲ. ಅದು ಒಂದು ಕಾಲದಲ್ಲಿ ಇತ್ತು ಎಂದು ಬಲ್ಲವರು ಇಬ್ಬರು. ಒಬ್ಬರು ತೀರಿಹೋಗಿದ್ದರು. ಇನ್ನೊಬ್ಬರು ಸಮುದ್ರದಾಚೆ ಕೂತು, ನಾನು ಯಾರೆಂದೂ ತಿಳಿಯದೆ, ಫೋನಿನಿಂದ ನನ್ನನ್ನು ನೋಡುತ್ತಿದ್ದರು.

ವಾರಿಜಮ್ಮ ಕೋಲನ್ನು ಮಡಿಲಿಗೆ ಎಳೆದುಕೊಂಡರು. ನಂತರ ಅವರ ಭುಜ ಕುಲುಕಲು ಶುರುವಾಯಿತು. ಅಳುತ್ತಿದ್ದಾರೆ ಎಂದುಕೊಂಡೆ. ಅವರು ನಗುತ್ತಿದ್ದರು. ಕಣ್ಣಿನಿಂದ ನೀರು ಸುರಿಯುವಷ್ಟು ನಗು.

“ಕಳ್ಳ!” ಎಂದು ಹಕ್ಕಿಯ ತಲೆಗೆ ಮೆಲ್ಲನೆ ಒಂದು ಏಟು ಕೊಟ್ಟರು. “ನೋಡು ಮಗಾ, ಅವ ಸಣ್ಣವ ಇದ್ದಾಗ ನಾನು ಅವನಿಗೆ ಹಸಿ ಗೇರುಬೀಜ ಕೊಟ್ಟು, ಕಚ್ಚಿ ನೋಡು, ಒಳಗೆ ಸಿಹಿ ಉಂಟು ಅಂದಿದ್ದೆ. ಅದ್ರ ಸಿಪ್ಪೆಯ ಎಣ್ಣೆ ತಾಗಿದ್ರೆ ಸುಟ್ಟ ಹಾಗೆ ಬೊಬ್ಬೆ ಏಳ್ತದೆ. ನಂಗೆ ಗೊತ್ತಿತ್ತು, ಅವನಿಗೆ ಗೊತ್ತಿರ್ಲಿಲ್ಲ. ತುಟಿ ಇಷ್ಟು ದಪ್ಪ ಆಗಿ, ಒಂದು ವಾರ ಗಂಜಿ ಕುಡ್ದ. ನನ್ನ ಹೆಸ್ರು ಮಾತ್ರ ಅಮ್ಮನಿಗೆ ಹೇಳ್ಲಿಲ್ಲ. ಆಮೇಲೆ ಜೀವಮಾನ ಇಡೀ ಅದೇ ತಮಾಷೆ. ನನ್ನ ಮದುವೆಯಲ್ಲಿ ಕೂಡ ಎಲೆ ಮೇಲೆ ಒಂದು ಗೇರುಬೀಜ ಇಟ್ಟು ಹೋಗಿದ್ದ.” ಅವರು ಹಕ್ಕಿಯ ಕೊಕ್ಕನ್ನು ಹೆಬ್ಬೆರಳಿನಿಂದ ಸವರಿದರು. “ಎಲ್ಲ ಕೆತ್ತಿದ್ದಾನೆ, ಇದೊಂದನ್ನು ಹೇಗೆ ಬಿಟ್ಟ ಅಂತ ಆಗ್ಲೇ ನಂಗೆ ಅನ್ಸಿತ್ತು.”

ಫೋನಿನಲ್ಲಿ ಕಮಲ ಅಳುತ್ತಿದ್ದರು. ಇಲ್ಲಿ ವಾರಿಜಮ್ಮ ನಗುತ್ತಿದ್ದರು. ನಾನು ಎದ್ದು ಹೊರಬಾಗಿಲ ಮೆಟ್ಟಿಲ ಮೇಲೆ ಬಂದು ನಿಂತೆ. ಕೋಟು ಹಾಕಿಕೊಂಡಿಲ್ಲ ಎಂಬುದು ಬಹಳ ಹೊತ್ತಿನ ಮೇಲೆ ಗೊತ್ತಾಯಿತು.

ಅಂದಿನಿಂದ ನಾನು ಕಾರಣಗಳನ್ನು ಹುಡುಕದ ದಿನವಿಲ್ಲ. ಪುಟ್ಟಿ ಮೆತ್ತುವಾಗ ನನ್ನ ಬೆರಳುಗಳೇ ನನಗರಿವಿಲ್ಲದೆ ಆ ಆಕಾರ ಮಾಡಿದವೇ? ಹಲ್ಲು ಕೆತ್ತುವ ಕೈಗೆ ಅಂಥ ಚಾಳಿ ಇರಬಹುದು. ಆದರೆ ಆ ಕೈಗೆ ಗೇರುಬೀಜವೇ ಏಕೆ ಹೊಳೆಯಬೇಕು? ಪುಷ್ಪ ಎಂದೋ ಕೇಳಿ ಮರೆತದ್ದನ್ನು ನನಗೆ ಹೇಳಿದ್ದಳೇ? ಹೇಳಿಲ್ಲ ಎಂದು ಅವಳು ದೇವರ ಮೇಲೆ ಆಣೆ ಮಾಡುತ್ತಾಳೆ, ಬೀಜದ ಕಥೆ ಅವಳಿಗೂ ಗೊತ್ತಿರಲಿಲ್ಲ. ಒಂದೊಂದು ಕಾರಣವೂ ಅರ್ಧ ದಾರಿಯವರೆಗೆ ಬಂದು ನಿಂತುಬಿಡುತ್ತದೆ. ರಘು ಈಗ ಈ ವಿಷಯ ಬಂದರೆ ಮಾತಾಡುವುದಿಲ್ಲ. ಅವನಿಗೂ ನಂಬಿಕೆ ಬಂದಿದೆಯೆಂದೇನೂ ಅಲ್ಲ, ವಾದ ಮಾಡುವುದನ್ನು ಮಾತ್ರ ಬಿಟ್ಟಿದ್ದಾನೆ.

ವಾರಿಜಮ್ಮ ಆ ಬೇಸಿಗೆಯಲ್ಲಿ ದಿನವೂ ಬೀದಿಯ ಕೊನೆಯ ಅಂಚೆಪೆಟ್ಟಿಗೆಯವರೆಗೆ ನಡೆದು ಹೋಗಿ ಬರುತ್ತಿದ್ದರು. ಜೂನ್ ತಿಂಗಳಲ್ಲಿ ಒಂದು ದಿನ ನಾನು ಮತ್ತೆ ಪುಟ್ಟಿ ತೆಗೆದುಕೊಂಡು ಹೋದೆ. ಇನ್ನೊಮ್ಮೆ ಮಾಡಿ ನೋಡದೆ ನನಗೆ ನೆಮ್ಮದಿ ಇರಲಿಲ್ಲ. ಅದೇ ಡಬ್ಬಿಯ ಪುಟ್ಟಿ, ಅದೇ ರೂಮು, ಒಂದು ಬರಿಯ ಕೋಲು, ಅವರದೇ ಬಲಗೈ. ಈ ಸಲ ಭೂತಗನ್ನಡಿಯನ್ನೂ ಜೊತೆಗೇ ಒಯ್ದಿದ್ದೆ. ಅವರು ಕಣ್ಣು ಮುಚ್ಚಿ, ಭಾರ ಬಿಟ್ಟು ನಿಂತರು. ಪುಟ್ಟಿ ಗಟ್ಟಿಯಾಯಿತು, ಬೆರಳು ಬಿಡಿಸಿದರು. ನಾನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ವಯಸ್ಸಾದ ಹೆಂಗಸಿನ ಅಂಗೈಯ ಗೆರೆಗಳು, ನಾಲ್ಕು ಬೆರಳಿನ ಗುಳಿಗಳು, ಮೊಂಡು ತುದಿ. ಅಷ್ಟೇ.

“ಏನೂ ಬಂದಿಲ್ಲ ವಾರಿಜಮ್ಮ,” ಎಂದೆ. ನನ್ನ ದನಿಯಲ್ಲಿ ಅಷ್ಟೊಂದು ನಿರಾಸೆ ಇತ್ತೆಂದು ಹೇಳಿದ ಮೇಲೆಯೇ ನನಗೆ ತಿಳಿದದ್ದು.

ಅವರು ತಮ್ಮ ಕೋಲನ್ನು ಕೈಗೆ ತೆಗೆದುಕೊಂಡು ನನ್ನನ್ನು ಮರುಕದಿಂದ ನೋಡಿದರು.

“ಮತ್ತೆ ಎಂಥ ಬರ್ಬೇಕು ಮಾರಾಯ್ತಿ? ಅವ ಹೇಳ್ಬೇಕಾದ್ದು ಹೇಳಿ ಆಯ್ತಲ್ಲ. ಇನ್ನು ಅವನಿಗೆ ಬೇರೆ ಕೆಲ್ಸ ಇಲ್ವಾ?” ಎಂದವರೇ ಚಹಾ ಮಾಡಲು ಅಡುಗೆಮನೆಗೆ ಹೊರಟರು. ಕೋಲಿನ ಸದ್ದು ಹಾಲು ದಾಟಿ, ತಿರುಗಿ, ಒಲೆಯ ಹತ್ತಿರ ನಿಂತಿತು. ನಾನು ಆ ಬಿಸಿಲಿನಲ್ಲಿ, ಅವರ ಕೈಯ ಬಿಸಿ ಇನ್ನೂ ಆರದ ಪುಟ್ಟಿಯನ್ನು ಹಿಡಿದು ಕೂತೇ ಇದ್ದೆ.